ಇ-ಸ್ಪೋರ್ಟ್ಸ್ ಸ್ಟಾಲ್‌ಗೆ ಪುಟ್ಟ ಗೇಮ್ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಯಕ್ರಮ ಹತ್ತಿರ ಬಂದಿದೆ, ಸ್ಟಾಲ್ ಮುಂದೆ ಜನ ನಿಂತು ಆಡುವಂಥದ್ದು ಏನಾದರೂ ಬೇಕು, ಕೈಯಲ್ಲಿರುವುದು ಮೂರ್ನಾಲ್ಕು ದಿನ. ಆಗ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ: ಸ್ಟಾಲ್ ಗೇಮ್ ಕೆಡುವುದು ಗ್ರಾಫಿಕ್ಸ್ ಸಾಲದೆ ಅಲ್ಲ. ಒಬ್ಬರು ಆಡಿ ಮುಗಿಸಿ ಮುಂದಿನವರು ಶುರು ಮಾಡುವ ನಡುವಿನ ಹೊತ್ತನ್ನು ಯಾರೂ ಸರಿಯಾಗಿ ಯೋಚಿಸದೆ ಇರುವುದರಿಂದ. ಕೆಳಗಿನ ಹೆಚ್ಚಿನ ಸಲಹೆಗಳು ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಎಂಥ ಆಟ ಆರಿಸಿಕೊಳ್ಳಬೇಕು?

ಒಂದೇ ಒಂದು ಕೌಶಲ ಕೇಳುವ ಆಟ. ಪೂರ್ತಿ ಶೂಟರ್ ಗೇಮನ್ನೋ ಪೂರ್ತಿ ಫೈಟಿಂಗ್ ಗೇಮನ್ನೋ ಚಿಕ್ಕದು ಮಾಡಲು ಹೋಗಬೇಡಿ. ಅದರಲ್ಲಿ ಪ್ರೇಕ್ಷಕರು ಹೋ ಎಂದು ಕೂಗುವ ಆ ಒಂದು ಕ್ಷಣವನ್ನು ಮಾತ್ರ ತೆಗೆದುಕೊಳ್ಳಿ. 2004ರಲ್ಲಿ ಇವೋ ಎಂಬ ಫೈಟಿಂಗ್ ಗೇಮ್ ಟೂರ್ನಿಯಲ್ಲಿ ಡೈಗೊ ಉಮೆಹಾರ ಎದುರಾಳಿ ಜಸ್ಟಿನ್ ವಾಂಗ್ ಆಡಿಸುತ್ತಿದ್ದ ಚುನ್-ಲಿ ಪಾತ್ರದ ಸೂಪರ್ ದಾಳಿಯ 15 ಏಟುಗಳನ್ನೂ ಒಂದೊಂದಾಗಿ ಪ್ಯಾರಿ ಮಾಡಿದ (ಏಟು ಬೀಳುವ ಕ್ಷಣಕ್ಕೇ ತಡೆದ) ದೃಶ್ಯವನ್ನು ಜನ ಇಂದಿಗೂ ಹುಡುಕಿ ನೋಡುತ್ತಾರೆ. ಅಲ್ಲಿರುವ ಕೌಶಲ ಒಂದೇ, ಸರಿಯಾದ ಹೊತ್ತಿಗೆ ಒತ್ತುವುದು. ಒಂದು ಬಟನ್, 15 ಏಟು, ಏಟಿನಿಂದ ಏಟಿಗೆ ಬದಲಾಗುವ ಲಯ ಇಷ್ಟಿದ್ದರೆ ಸ್ಟಾಲ್‌ಗೆ ಸೊಗಸಾದ ಆಟ ಆಯಿತು.

ಇದೇ ರೀತಿ ಶೂಟರ್‌ನಿಂದ ಗುರಿ ಇಟ್ಟು ಹೊಡೆಯುವುದು, ಮೋಬಾ ಗೇಮ್‌ನಿಂದ (ಎರಡು ತಂಡಗಳು ಪರಸ್ಪರರ ನೆಲೆ ಕೆಡವಲು ಕಾದಾಡುವ ಆಟ) ಶತ್ರುವಿನ ಕೊನೆಯ ಉಸಿರಿಗೆ ಸರಿಯಾಗಿ ಬೀಳುವ ಲಾಸ್ಟ್ ಹಿಟ್, ಸ್ಟ್ರಾಟಜಿ ಗೇಮ್‌ನಿಂದ ನಿಮಿಷಕ್ಕೆ ಎಷ್ಟು ಕ್ರಿಯೆ ಎಂಬ ಪಂದ್ಯ, ಇಬ್ಬರು ಎದುರುಬದುರು ನಿಂತು ಬಟನ್ ಗುದ್ದುವ ರಿಯಾಕ್ಷನ್ ಪಂದ್ಯ. ಪರೀಕ್ಷೆ ಸುಲಭ: ಸರದಿಯಲ್ಲಿ ನಿಂತವರು ಮುಂದಿನವರ ಆಟವನ್ನು ಒಮ್ಮೆ ನೋಡಿಯೇ ನಿಯಮ ಅರ್ಥ ಮಾಡಿಕೊಳ್ಳಬೇಕು. ಅರ್ಥವಾಗಲು ಮಾತಿನ ವಿವರಣೆ ಬೇಕಾದರೆ ಆ ಐಡಿಯಾವನ್ನು ಇನ್ನೂ ಕತ್ತರಿಸಬೇಕು.

ಒಂದು ಸುತ್ತು ಎಷ್ಟು ಹೊತ್ತು ಇರಬೇಕು?

ಆಟ 30 ಸೆಕೆಂಡ್. ಆದರೆ ಲೆಕ್ಕ ಹಾಕಬೇಕಾದದ್ದು ಆಟವನ್ನಲ್ಲ, ಇಡೀ ಸುತ್ತನ್ನು. ಸೂಚನೆಗೆ 15, ಕೌಂಟ್‌ಡೌನ್‌ಗೆ 3, ಆಟಕ್ಕೆ 30, ಫಲಿತಾಂಶಕ್ಕೆ 12, ಒಬ್ಬರು ಸರಿದು ಇನ್ನೊಬ್ಬರು ಬಂದು ನಿಲ್ಲಲು 15, ಒಟ್ಟು 75 ಸೆಕೆಂಡ್. ಗಂಟೆಗೆ 48 ಜನ. ಸರದಿಯಲ್ಲಿ ಮುಂದೆ ಆರು ಜನ ಇದ್ದರೆ ಏಳೂವರೆ ನಿಮಿಷ ಕಾಯಬೇಕು; ಅದಕ್ಕಿಂತ ಹೆಚ್ಚಾದರೆ ಜನ ಪಕ್ಕದ ಸ್ಟಾಲ್‌ಗೆ ನಡೆಯುತ್ತಾರೆ. ಆಟವನ್ನು 60 ಸೆಕೆಂಡ್ ಮಾಡಿದರೆ ಸುತ್ತು 105 ಸೆಕೆಂಡ್ ಆಗಿ ಗಂಟೆಗೆ 34 ಜನಕ್ಕೆ ಇಳಿಯುತ್ತದೆ. ಹೆಚ್ಚು ಜನ ಬರುವ ನಿರೀಕ್ಷೆ ಇದ್ದರೆ ಆಟವನ್ನು ಇನ್ನೂ ಚಿಕ್ಕದು ಮಾಡುವ ಬದಲು ಎರಡನೇ ಕಂಪ್ಯೂಟರ್ ಇಡಿ. 20 ಸೆಕೆಂಡಿಗಿಂತ ಕಡಿಮೆ ಆಡಿಸಿದರೆ ಆಡಿದ ಸಮಾಧಾನವೇ ಸಿಗುವುದಿಲ್ಲ.

ಯಾವುದರಲ್ಲಿ ಕಟ್ಟುವುದು ಬೇಗ?

ನಿಮಗೆ ಕೈ ಪಳಗಿರುವುದರಲ್ಲಿ. ಹೊಸದಾಗಿ ಆರಿಸುವುದಾದರೆ ನಮ್ಮ ಮತ ಬ್ರೌಸರ್‌ಗೆ: ಜಾವಾಸ್ಕ್ರಿಪ್ಟ್ ಮತ್ತು ಕ್ಯಾನ್ವಾಸ್ (ಬ್ರೌಸರ್ ಪುಟದಲ್ಲಿ ಚಿತ್ರ ಬಿಡಿಸುವ ಜಾಗ), ಬೇಕಿದ್ದರೆ ಗೇಮ್ ಕಟ್ಟಲೆಂದೇ ಇರುವ ಫೇಸರ್ ಲೈಬ್ರರಿ. ಯಾವ ಲ್ಯಾಪ್‌ಟಾಪ್ ಕೈಗೆ ಸಿಕ್ಕರೂ ಓಡುತ್ತದೆ, ಸ್ಟಾಲ್‌ನಲ್ಲೇ ಒಂದು ಸಂಖ್ಯೆ ಬದಲಾಯಿಸಿ ರಿಫ್ರೆಶ್ ಮಾಡಿದರೆ ಮುಗಿಯಿತು. ಗೊಡೋ ಎಂಬ ಗೇಮ್ ಎಂಜಿನ್ ಕೂಡ ಒಳ್ಳೆಯದು, ಎಕ್ಸ್‌ಪೋರ್ಟ್ ಹಗುರ. ಮೂರು ಆಯಾಮದ ದೃಶ್ಯ ಬೇಕೇ ಬೇಕೆಂದರೆ ಯುನಿಟಿ.

ಬ್ರೌಸರ್ ಆರಿಸಿದವರು ಎಡವುವ ಒಂದು ಜಾಗವಿದೆ. ಎಚ್‌ಟಿಎಂಎಲ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಜಾವಾಸ್ಕ್ರಿಪ್ಟ್ ಮಾಡ್ಯೂಲ್‌ಗಳು ಲೋಡ್ ಆಗುವುದಿಲ್ಲ, ಬ್ರೌಸರ್ ಸುರಕ್ಷತೆಯ ಕಾರಣಕ್ಕೆ ತಡೆಯುತ್ತದೆ. ಪರದೆ ಖಾಲಿ ಇರುತ್ತದೆ. ಅದೇ ಯಂತ್ರದಲ್ಲಿ ಒಂದು ಪುಟ್ಟ ಲೋಕಲ್ ಸರ್ವರ್ ಓಡಿಸಿ, ಪೈಥಾನ್ ಜೊತೆಗೇ ಬರುವ ಎಚ್‌ಟಿಟಿಪಿ ಸರ್ವರ್ ಸಾಕು. ಕಂಪ್ಯೂಟರ್ ಆನ್ ಆದಾಗ ಅದೂ ತಾನಾಗಿಯೇ ಶುರುವಾಗುವಂತೆ ಇಡಿ.

ಮೂರೇ ದಿನ ಇದ್ದರೆ ಕೆಲಸ ಹಂಚುವುದು ಹೇಗೆ?

ಮೊದಲ ದಿನ ಬರೀ ಬೂದು ಚೌಕ, ವೃತ್ತಗಳಲ್ಲಿ ಆಟದ ತಿರುಳು. ಸಂಜೆಯೊಳಗೆ ಮೂರು ಜನ ಹೊಸಬರು ಆಡಿ ನೋಡಿರಬೇಕು. ಎರಡನೇ ದಿನ ಆಹ್ವಾನದ ಪರದೆ, ಸೂಚನೆ, ಫಲಿತಾಂಶ, ಲೀಡರ್‌ಬೋರ್ಡ್ (ಹೆಚ್ಚು ಸ್ಕೋರ್ ಮಾಡಿದವರ ಪಟ್ಟಿ), ತಾನಾಗಿ ಮೊದಲಿಗೆ ಮರಳುವ ವ್ಯವಸ್ಥೆ. ಇದಕ್ಕೆ ಇಡೀ ದಿನ ಬೇಕು, ಅರ್ಧ ದಿನದಲ್ಲಿ ಮುಗಿಸುವೆವು ಎಂದುಕೊಳ್ಳಬೇಡಿ. ಮೂರನೇ ದಿನ ಬೆಳಗ್ಗೆ ಚಿತ್ರ, ಸದ್ದು, ಬಣ್ಣ. ಮಧ್ಯಾಹ್ನದಿಂದ ನಿಜವಾದ ಬಟನ್, ನಿಜವಾದ ಪರದೆ, ನಿಜವಾದ ಮೇಜಿನ ಮೇಲೆ ತಾಲೀಮು. ಆಮೇಲೆ ಕೋಡ್ ಮುಟ್ಟಬಾರದು.

ಗುರಿ ಹೊಡೆಯುವ ಆಟಕ್ಕೆ ಅಂಕಿಗಳನ್ನು ಹೇಗೆ ನಿಗದಿ ಮಾಡಬೇಕು?

1920 × 1080 ಪರದೆಗೆ ಹೀಗೆ ಶುರು ಮಾಡಿ, ಆಮೇಲೆ ತಿದ್ದಿಕೊಳ್ಳಿ. ಗುರಿಯ ವ್ಯಾಸ ಮೊದಲ 10 ಸೆಕೆಂಡ್ 96 ಪಿಕ್ಸೆಲ್, ಮುಂದಿನ 10ಕ್ಕೆ 72, ಕೊನೆಯ 10ಕ್ಕೆ 56. ಪರದೆಯ ಅಂಚಿನಿಂದ ಕನಿಷ್ಠ 150 ಪಿಕ್ಸೆಲ್ ಬಿಟ್ಟು ಗುರಿ ಹುಟ್ಟಬೇಕು. ಹಿಂದಿನ ಗುರಿಯಿಂದ ಕನಿಷ್ಠ 300 ಪಿಕ್ಸೆಲ್ ದೂರ ಇರಬೇಕು, ಇಲ್ಲದಿದ್ದರೆ ಕೈ ಅಲುಗಿಸದೆ ಎರಡು ಹೊಡೆತ ಸಿಕ್ಕಿಬಿಡುತ್ತದೆ. ಒಂದು ಗುರಿಯ ಆಯಸ್ಸು 1500 ಮಿಲಿಸೆಕೆಂಡ್. ಹೊಡೆದ ಕೂಡಲೇ ಮುಂದಿನದು.

ತಗುಲಿದರೆ 100 ಅಂಕ. ಜೊತೆಗೆ ವೇಗದ ಬೋನಸ್: 300 ಮಿಲಿಸೆಕೆಂಡ್ ಒಳಗೆ ಹೊಡೆದರೆ ಪೂರ್ತಿ 100, ಆಮೇಲೆ ಪ್ರತಿ 10 ಮಿಲಿಸೆಕೆಂಡಿಗೆ 1 ಅಂಕ ಕಡಿತ, 1300ಕ್ಕೆ ಸೊನ್ನೆ. ಅಂದರೆ 700 ಮಿಲಿಸೆಕೆಂಡಿನಲ್ಲಿ ಹೊಡೆದವರಿಗೆ 160. ಗುರಿ ತಪ್ಪಿದ ಪ್ರತಿ ಕ್ಲಿಕ್‌ಗೆ 30 ಅಂಕ ಕಳೆಯಿರಿ. ಈ ದಂಡ ಇಲ್ಲದಿದ್ದರೆ ಪರದೆ ತುಂಬ ಪಟಪಟ ಒತ್ತುವವರೇ ಗೆಲ್ಲುತ್ತಾರೆ, ಮಕ್ಕಳು ಇದನ್ನು ಬಹಳ ಬೇಗ ಕಂಡುಹಿಡಿಯುತ್ತಾರೆ. ಆಯಸ್ಸು ಮುಗಿದು ಮಾಯವಾದ ಗುರಿಗೆ ಮಾತ್ರ ದಂಡ ಬೇಡ, ಒಂದೂವರೆ ಸೆಕೆಂಡ್ ಹೋದದ್ದೇ ಸಾಕಷ್ಟು ನಷ್ಟ.

ಗುರಿಗಳ ಜಾಗವನ್ನು ಪೂರ್ತಿ ಅದೃಷ್ಟಕ್ಕೆ ಬಿಡಬೇಡಿ. ಪಾಲ್ ಫಿಟ್ಸ್ 1954ರಲ್ಲಿ ತೋರಿಸಿದ ಹಾಗೆ, ಗುರಿ ಮುಟ್ಟಲು ಬೇಕಾದ ಸಮಯ ದೂರ ಹೆಚ್ಚಿದಂತೆ ಮತ್ತು ಗುರಿ ಚಿಕ್ಕದಾದಂತೆ ಏರುತ್ತದೆ. ಒಬ್ಬರಿಗೆ ಹತ್ತಿರ ಹತ್ತಿರದ ಗುರಿಗಳು, ಇನ್ನೊಬ್ಬರಿಗೆ ಮೂಲೆಯಿಂದ ಮೂಲೆಗೆ ಬಿದ್ದರೆ ಸ್ಪರ್ಧೆಗೆ ಅರ್ಥವಿಲ್ಲ. ಹಾಗಂತ ಎಲ್ಲರಿಗೂ ಒಂದೇ ಸರಣಿ ಕೊಟ್ಟರೆ ಸರದಿಯಲ್ಲಿ ನಿಂತವರು ನೋಡಿ ಬಾಯಿಪಾಠ ಮಾಡುತ್ತಾರೆ. ಮಧ್ಯದ ದಾರಿ ಇದು: ತಲಾ 60 ಗುರಿಗಳ ಎಂಟು ಸರಣಿ ಮೊದಲೇ ಮಾಡಿಟ್ಟುಕೊಳ್ಳಿ, ಪ್ರತಿ ಹತ್ತು ಗುರಿಗಳ ಒಟ್ಟು ದೂರ ಎಲ್ಲ ಸರಣಿಯಲ್ಲೂ ಹೆಚ್ಚುಕಡಿಮೆ ಒಂದೇ ಇರಲಿ (5 ಪ್ರತಿಶತದೊಳಗಿನ ವ್ಯತ್ಯಾಸ ಪರವಾಗಿಲ್ಲ). ಪ್ರತಿ ಸುತ್ತಿಗೆ ಅದರಲ್ಲೊಂದನ್ನು ಎತ್ತಿಕೊಳ್ಳಲಿ.

ಮೌಸ್ ಬಗ್ಗೆಯೂ ಒಂದು ಮಾತು. ಸೂಕ್ಷ್ಮತೆ 800 ಡಿಪಿಐಗೆ (ಮೌಸ್ ಒಂದು ಇಂಚು ಸರಿದರೆ 800 ಎಣಿಕೆ) ನಿಲ್ಲಿಸಿ, ವಿಂಡೋಸ್‌ನ ಪಾಯಿಂಟರ್ ಆಕ್ಸೆಲರೇಷನ್ ಆಯ್ಕೆ ಆಫ್ ಮಾಡಿ. ಅದು ಆನ್ ಇದ್ದರೆ ಕೈ ಸರಿದ ದೂರ ಒಂದೇ ಇದ್ದರೂ ವೇಗಕ್ಕೆ ತಕ್ಕಂತೆ ಪಾಯಿಂಟರ್ ಬೇರೆ ಬೇರೆ ದೂರ ಓಡುತ್ತದೆ. ಶೂಟರ್ ಆಡಿ ಪಳಗಿದವರು ಮುಟ್ಟಿದ ಕೂಡಲೇ ದೂರುತ್ತಾರೆ.

ರಿಯಾಕ್ಷನ್ ಪಂದ್ಯದಲ್ಲಿ ಎಲ್ಲರ ಸಮಯವೂ ಹೆಚ್ಚು ಬರುತ್ತಿದೆ. ಯಾಕೆ?

ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು. ನಿಮ್ಮ ಆಟ ಎಲ್ಲರಿಗೂ 320, 340 ತೋರಿಸುತ್ತಿದ್ದರೆ ಮಿಕ್ಕದ್ದು ಯಂತ್ರದ ವಿಳಂಬ. ಬಹುಪಾಲು ದೋಷ ಟಿವಿಯದು. ಚಿತ್ರವನ್ನು ಚೆಂದಗಾಣಿಸಲು ಟಿವಿ ಒಳಗೊಳಗೇ ಮಾಡುವ ಸಂಸ್ಕರಣೆಗೆ 50ರಿಂದ 100 ಮಿಲಿಸೆಕೆಂಡ್, ಕೆಲವು ಸಲ ಇನ್ನೂ ಹೆಚ್ಚು ಹಿಡಿಯುತ್ತದೆ. ನಿಮ್ಮ ಕೋಡ್ "ಈಗ ಹಸಿರು" ಎಂದು ಸಮಯ ಬರೆದುಕೊಂಡಾಗ ಆಟಗಾರರ ಕಣ್ಣಿಗೆ ಇನ್ನೂ ಕೆಂಪೇ ಕಾಣುತ್ತಿರುತ್ತದೆ. ಟಿವಿಯ ಗೇಮ್ ಮೋಡ್ ಆನ್ ಮಾಡಿ, ಚಲನೆ ನಯಗೊಳಿಸುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಸಾಧ್ಯವಾದರೆ ಆಡುವವರಿಗೆ ಮಾನಿಟರ್, ನೋಡುವವರಿಗೆ ಟಿವಿ.

ಉಳಿದ ವಿಳಂಬ ಚಿಲ್ಲರೆ ಚಿಲ್ಲರೆಯಾಗಿ ಸೇರುತ್ತದೆ. 60 ಹರ್ಟ್ಜ್ ಪರದೆಯಲ್ಲಿ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು) ಒಂದು ಫ್ರೇಮ್ 16.7 ಮಿಲಿಸೆಕೆಂಡ್, 144ರಲ್ಲಿ 6.9, 240ರಲ್ಲಿ 4.2. ಯುಎಸ್‌ಬಿ ಸಾಧನವನ್ನು ಕಂಪ್ಯೂಟರ್ ಸೆಕೆಂಡಿಗೆ 125 ಸಲ ಕೇಳಿದರೆ 8 ಮಿಲಿಸೆಕೆಂಡಿನ ತನಕ ತಡ, 1000 ಸಲ ಕೇಳಿದರೆ 1. ಬಟನ್‌ನ ಕಂಪನ ತಡೆಯುವ ಡಿಬೌನ್ಸ್ ಕೋಡನ್ನು ತಪ್ಪಾಗಿ ಬರೆದರೆ ಅದರಲ್ಲೇ 20 ಹೋಗುತ್ತದೆ: ಸಿಗ್ನಲ್ ಸ್ಥಿರವಾಗಲಿ ಎಂದು ಕಾದು ಒತ್ತಿದ್ದನ್ನು ದಾಖಲಿಸಬೇಡಿ. ಮೊದಲ ಸ್ಪರ್ಶವನ್ನೇ ತಕ್ಷಣ ದಾಖಲಿಸಿ, ಆಮೇಲಿನ 15 ಮಿಲಿಸೆಕೆಂಡ್ ಬಂದದ್ದನ್ನು ಕಡೆಗಣಿಸಿ.

ಅಳೆಯುವುದು ಕಷ್ಟವಲ್ಲ. ಫೋನಿನ ಸ್ಲೋ ಮೋಷನ್ ಕ್ಯಾಮೆರಾ 240 ಫ್ರೇಮ್‌ಗೆ ಇಟ್ಟು, ಬಟನ್ ಮತ್ತು ಪರದೆ ಎರಡೂ ಕಾಣುವಂತೆ ಚಿತ್ರೀಕರಿಸಿ. ಒತ್ತಿದಾಗ ಪರದೆ ಬಿಳಿಯಾಗುವ ಒಂದು ಪರೀಕ್ಷಾ ಪುಟ ಸಾಕು. ಬೆರಳು ತಳ ಮುಟ್ಟಿದ ಫ್ರೇಮಿನಿಂದ ಪರದೆ ಬಿಳಿಯಾದ ಫ್ರೇಮಿನ ತನಕ ಎಣಿಸಿ 4.2ರಿಂದ ಗುಣಿಸಿ. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಬಂದ ಸಂಖ್ಯೆಯನ್ನು ಸ್ಕೋರಿನಿಂದ ಕಳೆಯಬಹುದು, ಆದರೆ ಅದೇ ಪರದೆ, ಅದೇ ಕೇಬಲ್, ಅದೇ ಸೆಟ್ಟಿಂಗ್‌ನಲ್ಲಿ ಅಳೆದಿದ್ದರೆ ಮಾತ್ರ. ಎರಡು ಸ್ಟೇಷನ್ ಇದ್ದರೆ ಎರಡಕ್ಕೂ ಒಂದೇ ಮಾದರಿಯ ಪರದೆ ಇರಲಿ. ಇಲ್ಲವಾದರೆ ಒಂದೇ ಲೀಡರ್‌ಬೋರ್ಡ್ ಇಡುವುದು ಅನ್ಯಾಯ.

ಸಮಯ ಅಳೆಯಲು ದಿನಾಂಕ ಕೊಡುವ ಗಡಿಯಾರ ಬಳಸಬೇಡಿ, ಕಂಪ್ಯೂಟರ್ ತನ್ನ ಗಡಿಯಾರ ಸರಿಪಡಿಸಿಕೊಂಡಾಗ ಅದು ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ. ಬ್ರೌಸರ್‌ನ ಪರ್ಫಾರ್ಮೆನ್ಸ್ ಗಡಿಯಾರ (performance.now) ಬಳಸಿ. ದಶಮಾಂಶ ತೋರಿಸಬೇಡಿ, ಅಷ್ಟು ನಿಖರತೆ ನಿಮ್ಮ ಸಲಕರಣೆಗೆ ಇಲ್ಲ.

ಇನ್ನು ನಿಯಮಗಳು: ಹಸಿರಾಗುವ ಮುನ್ನ ಕಾಯಿಸುವ ಹೊತ್ತು 1.5ರಿಂದ 4 ಸೆಕೆಂಡಿನ ನಡುವೆ ಪ್ರತಿ ಸಲ ಬೇರೆ ಇರಲಿ. 100 ಮಿಲಿಸೆಕೆಂಡಿಗಿಂತ ಬೇಗ ಒತ್ತಿದರೆ ಫೌಲ್. ಅಥ್ಲೆಟಿಕ್ಸ್ ಓಟಗಳಲ್ಲೂ ಇದೇ ಗೆರೆ: 0.100 ಸೆಕೆಂಡಿಗಿಂತ ಬೇಗ ಕದಲಿದರೆ ಫಾಲ್ಸ್ ಸ್ಟಾರ್ಟ್. ಇಬ್ಬರ ವ್ಯತ್ಯಾಸ ಒಂದು ಫ್ರೇಮಿಗಿಂತ ಕಡಿಮೆ ಬಂದರೆ ಗೆದ್ದವರನ್ನು ಹೆಸರಿಸದೆ ಸಮ ಎಂದು ತೋರಿಸಿ ಮತ್ತೊಮ್ಮೆ ಆಡಿಸಿ. ಜನಕ್ಕೆ ಅದು ಇನ್ನೂ ಇಷ್ಟ.

ಮನೆಯ ಲ್ಯಾಪ್‌ಟಾಪ್‌ನಲ್ಲಿ ಸರಿಯಿದ್ದ ಆಟ ಸ್ಟಾಲ್‌ನ ಮಾನಿಟರ್‌ನಲ್ಲಿ ವಿಪರೀತ ವೇಗವಾಗಿ ಓಡುತ್ತಿದೆ.

ಪ್ರತಿ ಫ್ರೇಮಿಗೆ ಇಷ್ಟು ಪಿಕ್ಸೆಲ್ ಎಂದು ಬರೆದಿದ್ದೀರಿ. 60 ಹರ್ಟ್ಜ್‌ನಲ್ಲಿ ಬರೆದದ್ದು 144ರಲ್ಲಿ 2.4 ಪಟ್ಟು ವೇಗವಾಗುತ್ತದೆ. ಸೆಕೆಂಡಿಗೆ ಇಷ್ಟು ಎಂದು ಬರೆದು, ಹಿಂದಿನ ಫ್ರೇಮಿನಿಂದ ಕಳೆದ ಸಮಯದಿಂದ ಗುಣಿಸಿ. ಆ ಸಮಯಕ್ಕೆ 50 ಮಿಲಿಸೆಕೆಂಡ್ ಮಿತಿ ಹಾಕಿ, ಇಲ್ಲದಿದ್ದರೆ ಯಂತ್ರ ಒಂದು ಕ್ಷಣ ತಡವರಿಸಿದಾಗ ವಸ್ತುಗಳು ಗೋಡೆ ದಾಟಿ ಹೋಗುತ್ತವೆ.

ದೊಡ್ಡ ಬಟನ್ ಜೋಡಿಸುವುದು ಹೇಗೆ?

ಬಟನ್‌ಗಿಂತ ಒಳ್ಳೆಯ ಆಹ್ವಾನ ಇಲ್ಲ. 100 ಮಿಲಿಮೀಟರ್‌ನ ಗುಮ್ಮಟದ ಬಟನ್ ಕಂಡರೆ ದೊಡ್ಡವರೂ ಒತ್ತಿ ನೋಡುತ್ತಾರೆ. ಒಬ್ಬ ಆಟಗಾರರಿಗೆ ಒಂದು ಬಟನ್, ಎಲ್ಲಕ್ಕೂ ಸೇರಿ ಒಂದು ಆರ್ಡುಯಿನೋ ಲಿಯೊನಾರ್ಡೋ ಅಥವಾ ಪ್ರೋ ಮೈಕ್ರೋ ಬೋರ್ಡ್ (ಪ್ರೋಗ್ರಾಂ ತುಂಬಬಹುದಾದ ಪುಟ್ಟ ಸರ್ಕ್ಯೂಟ್). ಇವು ಕಂಪ್ಯೂಟರ್‌ಗೆ ಕೀಬೋರ್ಡ್ ಆಗಿ ಕಾಣುತ್ತವೆ, ಡ್ರೈವರ್ ಬೇಕಿಲ್ಲ. ಉನೋ ಬೋರ್ಡ್ ತರಬೇಡಿ, ಅದು ನೇರವಾಗಿ ಕೀಬೋರ್ಡ್ ಆಗುವುದಿಲ್ಲ. ಪ್ರೋಗ್ರಾಂ ಬರೆಯಲು ಮನಸ್ಸಿಲ್ಲದಿದ್ದರೆ ಆರ್ಕೇಡ್ ಯುಎಸ್‌ಬಿ ಎನ್‌ಕೋಡರ್ ಬೋರ್ಡ್ ಸಾಕು. ಅದು ಗೇಮ್‌ಪ್ಯಾಡ್ ಆಗಿ ಕಾಣುತ್ತದೆ ಅಷ್ಟೇ.

ಬಟನ್ ಒಳಗಿನ ಮೈಕ್ರೋ ಸ್ವಿಚ್‌ಗೆ ಮೂರು ಕಾಲು: ಕಾಮನ್, ನಾರ್ಮಲಿ ಓಪನ್, ನಾರ್ಮಲಿ ಕ್ಲೋಸ್ಡ್. ಕಾಮನ್‌ನಿಂದ ಗ್ರೌಂಡ್‌ಗೆ, ನಾರ್ಮಲಿ ಓಪನ್‌ನಿಂದ ಬೋರ್ಡಿನ ಪಿನ್‌ಗೆ ತಂತಿ. ಪಿನ್ನನ್ನು ಒಳಗಿನ ಪುಲ್-ಅಪ್ (ಬಟನ್ ಒತ್ತದಿದ್ದಾಗ ಪಿನ್ನಿನ ವೋಲ್ಟೇಜನ್ನು ಮೇಲೆ ಹಿಡಿದಿಡುವ ರೆಸಿಸ್ಟರ್) ಜೊತೆ ಇನ್‌ಪುಟ್ ಎಂದು ಕೋಡಿನಲ್ಲಿ ಘೋಷಿಸಿ. ಕೈ ಬಿಟ್ಟಾಗ ಒತ್ತಿದಂತೆ ಬರುತ್ತಿದ್ದರೆ ತಂತಿ ನಾರ್ಮಲಿ ಕ್ಲೋಸ್ಡ್‌ಗೆ ಹೋಗಿದೆ. ಯಾರೂ ಮುಟ್ಟದೆ ತಾನೇ ಒತ್ತಿಕೊಳ್ಳುತ್ತಿದ್ದರೆ ತಂತಿ ಉದ್ದವಾಗಿ ಸುತ್ತಲಿನ ವಿದ್ಯುತ್ ಗದ್ದಲ ಹಿಡಿಯುತ್ತಿದೆ: ತಂತಿ ಚಿಕ್ಕದು ಮಾಡಿ, ಅಥವಾ ಹೊರಗಿನಿಂದ 4.7 ಕಿಲೋ ಓಮ್ ಪುಲ್-ಅಪ್ ಹಾಕಿ. ದೀಪ ಮಂಕಾಗಿದ್ದರೆ ಅಥವಾ ಹೊತ್ತದಿದ್ದರೆ ಬಹುಶಃ ಅದು 12 ವೋಲ್ಟ್ ಬಲ್ಬು, ಬೋರ್ಡಿನ 5 ವೋಲ್ಟ್ ಅದಕ್ಕೆ ಸಾಲದು.

ತಂತಿಯನ್ನು ಸ್ವಿಚ್‌ಗೆ ಬೆಸುಗೆ ಹಾಕುವ ಬದಲು ಕ್ರಿಂಪ್ ಮಾಡಿದ ತಳ್ಳುವ ಟರ್ಮಿನಲ್ ಬಳಸಿ. ದಿನವಿಡೀ ಗುದ್ದು ತಿಂದ ಬೆಸುಗೆ ಬಿರುಕು ಬಿಡುತ್ತದೆ, ಟರ್ಮಿನಲ್ ಆದರೆ ಸ್ವಿಚ್ ಬದಲಾಯಿಸಲು ಒಂದು ನಿಮಿಷ. ಬಟನ್ ಕೂರುವ ಪೆಟ್ಟಿಗೆಗೆ 12 ಮಿಲಿಮೀಟರ್‌ಗಿಂತ ತೆಳುವಾದ ಪ್ಲೈವುಡ್ ಬೇಡ. ಪೆಟ್ಟಿಗೆಯನ್ನು ಸಿ-ಕ್ಲಾಂಪ್‌ನಿಂದ ಮೇಜಿಗೆ ಬಿಗಿಯಿರಿ. ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಡಬೇಡಿ, ಪ್ರತಿ ಗುದ್ದಿಗೂ ಅದು ನಡುಗುತ್ತದೆ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ಮೀರಬಾರದು.

ಬರೀ ಕೀಬೋರ್ಡ್ ಇಟ್ಟರೆ ಆಗುವುದಿಲ್ಲವೇ?

ಆಗುತ್ತದೆ, ನಾಲ್ಕು ಹುಳುಕು ಮುಚ್ಚಿಕೊಂಡರೆ. ಶಿಫ್ಟ್ ಕೀಯನ್ನು ಐದು ಸಲ ಒತ್ತಿದರೆ ವಿಂಡೋಸ್ ಸ್ಟಿಕಿ ಕೀಸ್ ಪೆಟ್ಟಿಗೆ ತೆರೆದು ಆಟದ ಮಧ್ಯೆ ನಿಲ್ಲುತ್ತದೆ, ಬಲಗಡೆಯ ಶಿಫ್ಟ್ ಎಂಟು ಸೆಕೆಂಡ್ ಹಿಡಿದರೆ ಫಿಲ್ಟರ್ ಕೀಸ್. ಎರಡನ್ನೂ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೊದಲೇ ಆಫ್ ಮಾಡಿ. ಎರಡನೆಯದು, ಒಂದೇ ಕೀಬೋರ್ಡಿನಲ್ಲಿ ಇಬ್ಬರನ್ನು ಆಡಿಸಿದರೆ ಅಗ್ಗದ ಮಾದರಿಗಳಲ್ಲಿ ಕೆಲವು ಮೂರು ಕೀಗಳ ಜೋಡಿ ಒಟ್ಟಿಗೆ ದಾಖಲಾಗುವುದಿಲ್ಲ. ಒಬ್ಬರು ಕೀ ಒತ್ತಿಹಿಡಿದು ಇನ್ನೊಬ್ಬರನ್ನು ತಡೆಯಬಹುದು. ಇಬ್ಬರಿಗೆ ಎರಡು ಕೀಬೋರ್ಡ್ ಕೊಡಿ. ಮೂರನೆಯದು, ಒತ್ತಿ ಹಿಡಿದ ಕೀ ಮತ್ತೆ ಮತ್ತೆ ಸಂಕೇತ ಕಳಿಸುತ್ತದೆ. ಆ ಪುನರಾವರ್ತನೆಯನ್ನು ಕೋಡಿನಲ್ಲಿ ಕಡೆಗಣಿಸಿ. ಕೊನೆಯದು, ಕೀಯನ್ನು ಅಕ್ಷರದಿಂದ ಗುರುತಿಸಬೇಡಿ, ಕೀಬೋರ್ಡಿನ ಮೇಲಿನ ಜಾಗದಿಂದ ಗುರುತಿಸಿ. ಯಾರೋ ಕ್ಯಾಪ್ಸ್ ಲಾಕ್ ಒತ್ತಿದರೆ ಅಥವಾ ಕೀಬೋರ್ಡ್ ಕನ್ನಡಕ್ಕೆ ಹೊರಳಿದ್ದರೆ ಅಕ್ಷರ ಬದಲಾಗಿ ಆಟ ಕಿವುಡಾಗುತ್ತದೆ.

ಆಟದ ಸುತ್ತಮುತ್ತ ಯಾವ ಯಾವ ಪರದೆ ಬೇಕು?

ಆಹ್ವಾನ, ಸೂಚನೆ, ಕೌಂಟ್‌ಡೌನ್, ಆಟ, ಫಲಿತಾಂಶ, ಲೀಡರ್‌ಬೋರ್ಡ್, ಮತ್ತೆ ಆಹ್ವಾನ. ಪ್ರತಿಯೊಂದರಿಂದಲೂ ತಾನಾಗಿಯೇ ಮುಂದಕ್ಕೆ ಹೋಗುವ ದಾರಿ ಇರಬೇಕು. ಆಡುತ್ತಾ ಆಡುತ್ತಾ ಫೋನ್ ಬಂತೆಂದು ಎದ್ದುಹೋಗುವವರು ದಿನಕ್ಕೆ ಹಲವರು. ಆಟದಲ್ಲಿ 8 ಸೆಕೆಂಡ್ ಏನೂ ಒತ್ತದಿದ್ದರೆ, ಫಲಿತಾಂಶದಲ್ಲಿ 12 ಸೆಕೆಂಡ್ ಕಳೆದರೆ, ಯಾರನ್ನೂ ಕೇಳದೆ ಮೊದಲಿಗೆ ಮರಳಲಿ.

ಆಹ್ವಾನದ ಪರದೆಯಲ್ಲಿ ಲೋಗೋ ಸುತ್ತುತ್ತಾ ಕೂತರೆ ಯಾರೂ ಹತ್ತಿರ ಬರುವುದಿಲ್ಲ. ಆಟ ತಾನೇ ಆಡಿಕೊಳ್ಳುತ್ತಿರುವುದನ್ನು ತೋರಿಸಿ, ಮೇಲೆ ಇಂದಿನ ಅತಿ ಹೆಚ್ಚು ಸ್ಕೋರ್, ಕೆಳಗೆ "ಬಟನ್ ಒತ್ತಿ". ಸೂಚನೆ ಒಂದೇ ವಾಕ್ಯ, ಏಳೆಂಟು ಪದ, ಮೂರು ಮೀಟರ್ ದೂರದಿಂದ ಓದುವಷ್ಟು ದಪ್ಪ. ಸೂಚನೆಯ ಪರದೆಯಲ್ಲೇ ಒಂದು ಗುರಿ ಇಟ್ಟು, ಅದನ್ನು ಹೊಡೆದರೆ ಮಾತ್ರ ಕೌಂಟ್‌ಡೌನ್ ಶುರುವಾಗುವಂತೆ ಮಾಡಿದರೆ ಓದದೆ ನುಗ್ಗುವವರೂ ಕಲಿತೇ ಮುಂದೆ ಹೋಗುತ್ತಾರೆ. ಫಲಿತಾಂಶ ಬಂದ ಮೊದಲ ಒಂದೂವರೆ ಸೆಕೆಂಡ್ ಬಟನ್ ಕೆಲಸ ಮಾಡಬಾರದು, ಆಟದ ಭರದಲ್ಲಿ ಇನ್ನೂ ಗುದ್ದುತ್ತಿರುವ ಕೈ ತನ್ನ ಸ್ಕೋರನ್ನೇ ಅಳಿಸಿಬಿಡುತ್ತದೆ.

ಲೀಡರ್‌ಬೋರ್ಡ್‌ಗೆ ಹೆಸರು, ಫೋನ್ ನಂಬರ್ ಕೇಳಬೇಕೇ?

ಹೆಸರನ್ನು ಆಟದ ಮುಂಚೆ ಕೇಳಬೇಡಿ. ಪರದೆಯ ಕೀಬೋರ್ಡಿನಲ್ಲಿ ಹೆಸರು ಹೊಡೆಯಲು ಹಿಡಿಯುವ ಅರ್ಧ ನಿಮಿಷ ಸರದಿಯನ್ನೇ ತಿನ್ನುತ್ತದೆ. ಮೊದಲ ಹತ್ತರೊಳಗೆ ಬಂದವರಿಗೆ ಮಾತ್ರ, ಆಟದ ನಂತರ, ಮೂರು ಅಕ್ಷರ. ಕೆಟ್ಟ ಪದಗಳ ಪಟ್ಟಿಯೊಂದನ್ನು ತಡೆಯಲು ಇಡಿ, ಜೊತೆಗೆ ಸ್ಟಾಲ್‌ನವರು ಒಂದು ಗುಪ್ತ ಕೀಯಿಂದ ಸಾಲೊಂದನ್ನು ಮರೆಮಾಡುವಂತಿರಲಿ, ಯಾಕೆಂದರೆ ಯಾವ ಪಟ್ಟಿಯೂ ಪೂರ್ತಿಯಲ್ಲ. ಫೋನ್ ನಂಬರ್ ಬಹುಮಾನಕ್ಕೆ ಬೇಕೇ ಬೇಕೆಂದರೆ ಬೇರೆ ಕಾಗದದಲ್ಲಿ, ಯಾಕೆ ಬೇಕು ಎಂದು ಹೇಳಿ, ಒಪ್ಪಿಗೆ ಪಡೆದು ಬರೆಸಿಕೊಳ್ಳಿ. ಆಟದ ಕಂಪ್ಯೂಟರ್‌ನಲ್ಲಿ ಇಡಬೇಡಿ.

ಸ್ಕೋರುಗಳಿಗೆ ಬ್ರೌಸರ್‌ನ ಲೋಕಲ್ ಸ್ಟೋರೇಜ್ ಧಾರಾಳವಾಯಿತು. ಇನ್‌ಕಾಗ್ನಿಟೋ ಕಿಟಕಿಯಲ್ಲಿ ಓಡಿಸಿದರೆ ಮಾತ್ರ ಮುಚ್ಚಿದ ಕೂಡಲೇ ಎಲ್ಲ ಅಳಿಸಿಹೋಗುತ್ತದೆ, ಎಚ್ಚರ. ಗಂಟೆಗೊಮ್ಮೆ ಸಿಎಸ್‌ವಿ ಫೈಲಿಗೂ ಬರೆದಿಡಿ. ಸಮ ಸ್ಕೋರ್ ಬಂದರೆ ಮೊದಲು ಗಳಿಸಿದವರು ಮೇಲೆ. ದಿನಕ್ಕೊಂದು ಪಟ್ಟಿ ಇಟ್ಟರೆ ಎರಡನೇ ದಿನ ಬಂದವರಿಗೂ ಆಸೆ ಉಳಿಯುತ್ತದೆ. ಪಟ್ಟಿಯನ್ನು ಸರದಿಯ ಕಡೆಗಿರುವ ಇನ್ನೊಂದು ಪರದೆಯಲ್ಲಿ ತೋರಿಸಲು ಅದೇ ಕಂಪ್ಯೂಟರ್‌ನಲ್ಲಿ ಎರಡನೇ ಕಿಟಕಿ ತೆರೆದು ಕಿಟಕಿಗಳ ನಡುವೆ ಸಂದೇಶ ಕಳಿಸುವ ಬ್ರೌಸರ್‌ನ ಬ್ರಾಡ್‌ಕಾಸ್ಟ್ ಚಾನೆಲ್ ಮೂಲಕ ಸ್ಕೋರ್ ದಾಟಿಸಿ.

ಇಂಟರ್ನೆಟ್ ಬೇಕೇ?

ಬೇಡ. ಅವಲಂಬಿಸಲೇಬಾರದು. 2.4 ಗಿಗಾಹರ್ಟ್ಜ್ ವೈ-ಫೈಯಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮೂರೇ. ನೂರಾರು ಫೋನುಗಳಿರುವ ಹಾಲ್‌ನಲ್ಲಿ ಅವು ಉಸಿರುಗಟ್ಟುತ್ತವೆ. ಫಾಂಟ್, ಲೈಬ್ರರಿ, ಚಿತ್ರ, ಸದ್ದು ಎಲ್ಲ ಯಂತ್ರದಲ್ಲೇ ಇರಲಿ. ವೈ-ಫೈ ಆಫ್ ಮಾಡಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಆಡಿ ನೋಡಿ. ಎಲ್ಲೋ ಒಂದು ಫಾಂಟ್ ಹೊರಗಿನಿಂದ ಬರುತ್ತಿದ್ದದ್ದು ಆಗಲೇ ಗೊತ್ತಾಗುವುದು. ವೈರ್‌ಲೆಸ್ ಮೌಸ್‌ಗೂ ಇದೇ ಗಾಳಿಯ ಜಗಳ ಇರುವುದರಿಂದ ತಂತಿಯ ಮೌಸೇ ಲೇಸು.

ಸದ್ದಿಗೆ ಏನು ಮಾಡಬೇಕು?

ಹಾಲ್‌ನ ಗದ್ದಲದಲ್ಲಿ ಕೇಳಿಸುವುದಿಲ್ಲ ಎಂದೇ ತಿಳಿದು ಆಟ ಕಟ್ಟಿ. ಸದ್ದಿನಿಂದ ಮಾತ್ರ ತಿಳಿಯುವ ಸುಳಿವು ಒಂದೂ ಬೇಡ. ಬ್ಲೂಟೂತ್ ಸ್ಪೀಕರ್, ಹೆಡ್‌ಫೋನ್ ಬೇಡವೇ ಬೇಡ. 100ರಿಂದ 200 ಮಿಲಿಸೆಕೆಂಡ್ ತಡವಾದ ಸದ್ದು ಪ್ಯಾರಿ ಆಟವನ್ನು ಕೊಂದುಹಾಕುತ್ತದೆ. ಪುಟ ತೆರೆದ ಕೂಡಲೇ ಸದ್ದು ಬರದಿದ್ದರೆ ಗಾಬರಿ ಬೇಡ, ಬಳಕೆದಾರರು ಏನಾದರೂ ಒತ್ತುವ ತನಕ ಬ್ರೌಸರ್ ಸದ್ದನ್ನು ತಡೆದಿಟ್ಟಿರುತ್ತದೆ. ಮೊದಲ ಒತ್ತಿಗೆ ಆಡಿಯೋ ಎಬ್ಬಿಸಿ.

ಪರದೆಯ ಬರಹ ಕನ್ನಡದಲ್ಲಿ ಇದ್ದರೆ ಅಕ್ಷರ ಮುರಿಯುತ್ತದೆಯೇ?

ಬ್ರೌಸರ್ ಮತ್ತು ಗೊಡೋ 4ರಲ್ಲಿ ಒತ್ತಕ್ಷರ ಸರಿಯಾಗಿ ಬರುತ್ತದೆ. ಯುನಿಟಿಯ ಟೆಕ್ಸ್ಟ್‌ಮೆಶ್ ಪ್ರೋ ನಮ್ಮ ಲಿಪಿಯನ್ನು ತಾನಾಗಿ ಜೋಡಿಸುವುದಿಲ್ಲ, ಒತ್ತು ಕಳಚಿ ಬೀಳುತ್ತದೆ. ಬರಹ ಕಡಿಮೆ ಇದ್ದರೆ ಚಿತ್ರವಾಗಿ ಹಾಕಿಬಿಡುವುದೇ ಸುಲಭ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಎರಡೂ ಮುಕ್ತ ಪರವಾನಗಿಯ ಫಾಂಟುಗಳು, ದಪ್ಪ ತೂಕದಲ್ಲಿ ದೂರಕ್ಕೂ ಚೆನ್ನಾಗಿ ಕಾಣುತ್ತವೆ. ಟೈಪ್ ಆಗುತ್ತಿರುವಂತೆ ಒಂದೊಂದೇ ಅಕ್ಷರ ತೋರಿಸುವ ಎಫೆಕ್ಟ್ ಬೇಕಿದ್ದರೆ ಯೂನಿಕೋಡ್ ಬಿಂದುಗಳಲ್ಲಿ ಕತ್ತರಿಸಬೇಡಿ, ಬ್ರೌಸರ್‌ನ ಇಂಟಲ್ ಸೆಗ್ಮೆಂಟರ್ (Intl.Segmenter) ಬಳಸಿ.

ಹೆಸರುವಾಸಿ ಗೇಮಿನ ಪಾತ್ರ, ಲೋಗೋ ಹಾಕಬಹುದೇ?

ಲಿಖಿತ ಅನುಮತಿ ಇಲ್ಲದೆ ಬೇಡ. ಪಾತ್ರ, ಲೋಗೋ, ಸಂಗೀತ, ಗನ್ನಿನ ಸದ್ದು ಎಲ್ಲವೂ ಆಯಾ ಪ್ರಕಾಶಕರ ಸ್ವತ್ತು. ಅಭಿಮಾನಿಗಳಿಗೆ ಕೊಟ್ಟ ಸಡಿಲಿಕೆ ಪ್ರಾಯೋಜಕರಿರುವ ಸ್ಟಾಲ್‌ಗೆ ಅನ್ವಯಿಸುತ್ತದೆ ಎಂದು ಭಾವಿಸಬೇಡಿ. ಗುರಿ ಹೊಡೆಯುವುದು, ಪ್ಯಾರಿ ಮಾಡುವುದು ಯಾರ ಸ್ವತ್ತೂ ಅಲ್ಲ. ಕಡು ಹಿನ್ನೆಲೆ, ಒಂದೆರಡು ಉಜ್ವಲ ಬಣ್ಣ, ಸ್ಕೋರ್‌ಬೋರ್ಡಿನ ವಿನ್ಯಾಸ ಇಷ್ಟರಿಂದಲೇ ಇ-ಸ್ಪೋರ್ಟ್ಸ್ ಕಳೆ ಬರುತ್ತದೆ. ಕೆನ್ನಿ ತಾಣದ ಚಿತ್ರಗಳು, ಸದ್ದುಗಳು ಸಿಸಿ0 (ಹಕ್ಕುಗಳನ್ನು ಬಿಟ್ಟುಕೊಟ್ಟ ಪರವಾನಗಿ) ಅಡಿಯಲ್ಲಿವೆ, ಧೈರ್ಯವಾಗಿ ಬಳಸಬಹುದು.

ಬಹುಮಾನದ ಸ್ಕೋರನ್ನು ಹೇಗೆ ನಿರ್ಧರಿಸುವುದು?

ಕಟ್ಟಿದವರ ಸ್ಕೋರ್ ನೋಡಿ ನಿರ್ಧರಿಸಲೇಬೇಡಿ, ನೂರಾರು ಸಲ ಆಡಿದ ಕೈ ಅದು. ಹಿಂದೆಂದೂ ಆಡದ 15–20 ಜನರಿಗೆ ಒಂದೊಂದೇ ಸಲ ಆಡಿಸಿ, ಸ್ಕೋರುಗಳನ್ನು ಏರಿಕೆಯಲ್ಲಿ ಬರೆಯಿರಿ. ನಟ್ಟನಡುವಿನ ಸ್ಕೋರ್ ಸ್ಟಿಕ್ಕರ್‌ನಂಥ ಚಿಕ್ಕ ಬಹುಮಾನದ ಗೆರೆ, ಅಂದರೆ ಅರ್ಧದಷ್ಟು ಜನ ಏನಾದರೂ ಹಿಡಿದುಕೊಂಡು ಹೋಗುತ್ತಾರೆ. ದೊಡ್ಡ ಬಹುಮಾನ ದಿನದ ಮೊದಲ ಸ್ಥಾನಕ್ಕೆ. ಗಂಟೆಗೆ 48ರಂತೆ ಎಂಟು ಗಂಟೆಗೆ 384 ಸುತ್ತು ಗರಿಷ್ಠ. ಖಾಲಿ ಹೊತ್ತೂ ಇರುವುದರಿಂದ 200 ಚಿಲ್ಲರೆ ಸುತ್ತಿಗೆ ಸಿದ್ಧವಾದರೆ ನಡೆಯುತ್ತದೆ, ಅದರರ್ಧ ಚಿಕ್ಕ ಬಹುಮಾನ. ಒಬ್ಬರೇ ಮತ್ತೆ ಮತ್ತೆ ಆಡುವುದನ್ನು ತಡೆಯಬೇಡಿ, ಸರದಿಯ ಕೊನೆಗೆ ಹೋಗಿ ನಿಲ್ಲಲಿ ಸಾಕು.

ಎಲ್ಲರೂ ಆಡುವಂತಿರಲು ಏನು ನೋಡಿಕೊಳ್ಳಬೇಕು?

ಮಿಂಚುವ ಎಫೆಕ್ಟ್ ಸೆಕೆಂಡಿಗೆ ಮೂರು ಸಲ ಮೀರಬಾರದು, ಇದು ಅಲಂಕಾರದ ಮಾತಲ್ಲ. ಮೂರ್ಛೆರೋಗ ಇರುವವರಿಗೆ ನಿಜವಾದ ಅಪಾಯ. ಪೂರ್ತಿ ಪರದೆ ಬಿಳಿಯಾಗುವ ಹೊಡೆತದ ಎಫೆಕ್ಟನ್ನು ತೆಗೆದೇ ಹಾಕಿ, ತಗುಲಿದ ಜಾಗದ ಸುತ್ತ ಒಂದು ಉಂಗುರ ಅರಳಿದರೆ ಅಷ್ಟೇ ಖುಷಿ ಸಿಗುತ್ತದೆ. ಕೆಂಪು–ಹಸಿರು ವ್ಯತ್ಯಾಸ ಕಾಣದವರು ಬರುತ್ತಾರೆ, ಬಣ್ಣದ ಜೊತೆ ಆಕಾರವೂ ಬದಲಾಗಲಿ. ಗಾಲಿಕುರ್ಚಿಯಲ್ಲಿ ಬರುವವರ ಮಂಡಿ ಹಿಡಿಸುವಂತೆ ಮೇಜಿನ ಕೆಳಗೆ 70 ಸೆಂಟಿಮೀಟರ್ ಜಾಗ ಬಿಡಿ. ಮಕ್ಕಳಿಗೆ ಒಂದು ಗಟ್ಟಿ ಮೆಟ್ಟಿಲು.

ಮಧ್ಯಾಹ್ನದ ಹೊತ್ತಿಗೆ ಆಟ ತಡವರಿಸಿ ನಿಂತುಬಿಡುತ್ತದೆ. ಯಾಕೆ?

ಎರಡು ಕಾರಣ. ಒಂದು, ಪ್ರತಿ ಸುತ್ತಿನಲ್ಲೂ ಹುಟ್ಟಿದ ಕಿಡಿಗಳು, ಸದ್ದಿನ ತುಣುಕುಗಳು, ಟೈಮರುಗಳು ಅಳಿಯದೆ ಮೆಮೊರಿ ತುಂಬುತ್ತವೆ. ತಾನೇ ಆಡಿಕೊಳ್ಳುವ ಮೋಡ್ ನಿಮ್ಮ ಬಳಿ ಇದ್ದೇ ಇದೆ. ರಾತ್ರಿಯಿಡೀ ಎಂಟು ಗಂಟೆ ಓಡಲು ಬಿಟ್ಟು ಬೆಳಗ್ಗೆ ಟಾಸ್ಕ್ ಮ್ಯಾನೇಜರ್ ನೋಡಿ. ಸೋರಿಕೆ ಹುಡುಕಲು ಸಮಯವಿಲ್ಲದಿದ್ದರೆ 20 ಸುತ್ತಿಗೊಮ್ಮೆ ಆಹ್ವಾನದ ಪರದೆಗೆ ಮರಳುವಾಗ ಪುಟವನ್ನೇ ರೀಲೋಡ್ ಮಾಡಿಸಿ, ಯಾರಿಗೂ ಗೊತ್ತಾಗುವುದಿಲ್ಲ. ಎರಡು, ಬಟ್ಟೆ ಮುಚ್ಚಿದ ಮೇಜಿನ ಕೆಳಗೆ ಇಟ್ಟ ಲ್ಯಾಪ್‌ಟಾಪ್ ಕಾದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಹಿಂಬದಿ ಗಾಳಿಗೆ ತೆರೆದಿರಲಿ, ಚಾರ್ಜರ್ ಸದಾ ಸಿಕ್ಕಿಸಿರಲಿ, ಪವರ್ ಸೆಟ್ಟಿಂಗ್ ಗರಿಷ್ಠ ಕಾರ್ಯಕ್ಷಮತೆಗೆ.

ಜೊತೆಗೇ ಬ್ರೌಸರನ್ನು ಕಿಯೋಸ್ಕ್ ಮೋಡಿನಲ್ಲಿ (ಮೆನು, ವಿಳಾಸಪಟ್ಟಿ ಕಾಣದ ಪೂರ್ತಿ ಪರದೆ) ತೆರೆಯಿರಿ, ಸ್ಲೀಪ್, ಸ್ಕ್ರೀನ್‌ಸೇವರ್, ನೋಟಿಫಿಕೇಷನ್ ಆಫ್ ಮಾಡಿ, ವಿಂಡೋಸ್ ಅಪ್‌ಡೇಟನ್ನು ಕಾರ್ಯಕ್ರಮ ಮುಗಿಯುವ ತನಕ ತಡೆಹಿಡಿಯಿರಿ.

ಬಿಡಿಭಾಗದ ಪೆಟ್ಟಿಗೆಯಲ್ಲಿ ಏನೇನಿರಬೇಕು?

ಆಟ ಹಾಕಿ ಪರೀಕ್ಷಿಸಿದ ಎರಡನೇ ಲ್ಯಾಪ್‌ಟಾಪ್, ಆಟದ ಪ್ರತಿ ಇರುವ ಪೆನ್‌ಡ್ರೈವ್, ಎರಡು ಮೌಸ್, ಪ್ರೋಗ್ರಾಂ ತುಂಬಿದ ಇನ್ನೊಂದು ಬೋರ್ಡ್, ನಾಲ್ಕು ಮೈಕ್ರೋ ಸ್ವಿಚ್, ಎಚ್‌ಡಿಎಂಐ ಕೇಬಲ್ ಎರಡು, ಯುಎಸ್‌ಬಿ ಕೇಬಲ್ ಎರಡು, ಎಕ್ಸ್‌ಟೆನ್ಷನ್ ಬೋರ್ಡ್, ನೆಲದ ಕೇಬಲ್ ಮುಚ್ಚಲು ಬಟ್ಟೆಯ ಗ್ಯಾಫರ್ ಟೇಪ್, ಸ್ಕ್ರೂಡ್ರೈವರ್, ಒರೆಸುವ ಬಟ್ಟೆ. ಬೇಗ ಸಾಯುವುದು ಕೇಬಲ್, ಅದರಲ್ಲೂ ಕಾಲಿಗೆ ಸಿಗುವ ಕೇಬಲ್.

ಸ್ಟಾಲ್‌ನಲ್ಲಿ ಎಷ್ಟು ಜನ ಇರಬೇಕು, ಅವರಿಗೇನು ಕಲಿಸಬೇಕು?

ಒಂದು ಸ್ಟೇಷನ್‌ಗೆ ಇಬ್ಬರು. ಒಬ್ಬರು ಆಡುವವರ ಪಕ್ಕ, ಇನ್ನೊಬ್ಬರು ಸರದಿಯ ಬಳಿ. ಸರದಿಯಲ್ಲಿರುವವರಿಗೆ ನಿಯಮವನ್ನು ಮೊದಲೇ ಹೇಳಿದರೆ ಪ್ರತಿ ಸುತ್ತಿನಲ್ಲೂ ಐದಾರು ಸೆಕೆಂಡ್ ಉಳಿಯುತ್ತದೆ, ಒಂದು ದಿನಕ್ಕೆ ಅದು ಹತ್ತಾರು ಜನರ ಆಟ. ಇಬ್ಬರಿಗೂ ಮೂರು ಕೆಲಸ ಬರಬೇಕು: ನೀವು ಕೋಡಿನಲ್ಲಿ ಇಟ್ಟ ಗುಪ್ತ ಕೀ, ಉದಾಹರಣೆಗೆ ಎಫ್9, ಒತ್ತಿ ಆಟವನ್ನು ಮೊದಲಿಗೆ ತರುವುದು, ಎಫ್10 ಒತ್ತಿ ಕೆಟ್ಟ ಹೆಸರು ಮರೆಮಾಡುವುದು, ಪವರ್ ಹೋದರೆ ಕಂಪ್ಯೂಟರ್ ಆನ್ ಮಾಡಿ ಕೈ ಕಟ್ಟಿ ನಿಲ್ಲುವುದು. ಆನ್ ಮಾಡಿದ ಮೇಲೆ ಇನ್ನೇನಾದರೂ ಒತ್ತಬೇಕಾಗಿ ಬಂದರೆ ನಿಮ್ಮ ಸೆಟಪ್ ಇನ್ನೂ ಮುಗಿದಿಲ್ಲ. ಈ ಕೀಗಳನ್ನು ಆಟಗಾರರ ಕೈಗೆ ಸಿಗದ ಕೀಬೋರ್ಡಿನಲ್ಲಿ ಇಟ್ಟು, ಅದರ ಮೇಲೆ ದಪ್ಪ ಅಕ್ಷರದ ಚೀಟಿ ಅಂಟಿಸಿ.